ಕೈ ಖಾಲಿ ಇದ್ದರೆ ಸಾಲದು

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಡ್ರೈವಿಂಗಿನ ನಿಜವಾದ ಸುಖ ಗೊತ್ತಾಗುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ, ಬ್ರೇಕಿಗೆ ಹೆಚ್ಚು ಕೆಲಸವಿಲ್ಲ. ಕಣ್ಣು ಮುಂದಿನ ತಿರುವಿನಲ್ಲಿ, ಕಿವಿ ಎದುರು ಬರುವ ಬಸ್ಸಿನ ಹಾರನ್ನಿನಲ್ಲಿ. ಅಲ್ಲಿ ಯಾರಿಗೂ ಫೋನು ನೆನಪಾಗುವುದಿಲ್ಲ. ಗಮನ ಕದಲುವುದು ಘಾಟಿ ಮುಗಿದು ನೆಟ್ಟನೆಯ ರಸ್ತೆ ಸಿಕ್ಕ ಮೇಲೆ.

ನೆಟ್ಟನೆಯ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗ ಸಲೀಸು. ಅಂದರೆ ಸೆಕೆಂಡಿಗೆ 22 ಮೀಟರ್. ಬಂದ ಮೆಸೇಜು ಯಾರದೆಂದು ನೋಡುವ ಐದು ಸೆಕೆಂಡಿನಲ್ಲಿ 110 ಮೀಟರ್ ಕಳೆದುಹೋಗಿರುತ್ತದೆ. ಒಂದು ಬಸ್‌ಸ್ಟಾಪು, ಅದರ ಪಕ್ಕದ ಶಾಲೆಯ ಗೇಟು ಎರಡೂ ಆ ಅಂತರದೊಳಗೆ ಬಂದುಹೋಗಬಹುದು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ಗಾಡಿ ಓಡಿಸುತ್ತ ಫೋನು ಹಿಡಿಯುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿತು. ಒಳ್ಳೆಯದೇ ಆಯಿತು. ಆದರೆ ಬ್ಲೂಟೂತ್ ಇದ್ದವರು ತಮಗೆ ಇದು ಅನ್ವಯಿಸದು ಎಂದು ನಿಶ್ಚಿಂತರಾಗಿಬಿಟ್ಟಿದ್ದಾರೆ. ನನ್ನ ತಕರಾರು ಅದೇ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಸಿಮ್ಯುಲೇಟರಿನಲ್ಲಿ ಕೂರಿಸಿ ಪರೀಕ್ಷಿಸಿದಾಗ, ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಿದ್ದವರಿಗೆ ತಮ್ಮ ಕಣ್ಣು ನೇರವಾಗಿ ಬಿದ್ದಿದ್ದ ಫಲಕಗಳೂ ಎಷ್ಟೋ ಸಲ ನೆನಪಿರಲಿಲ್ಲ. ಕೈ ಸ್ಟೀರಿಂಗಿನಲ್ಲಿ, ಕಣ್ಣು ರಸ್ತೆಯಲ್ಲಿ, ಮನಸ್ಸು ಮಾತ್ರ ಇನ್ನೊಂದು ಊರಿನಲ್ಲಿ.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ಬೇರೆ. ಲಾರಿ ಅಡ್ಡ ಬಂದರೆ ಪಕ್ಕದವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ, “ನಿಧಾನ” ಎನ್ನುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಲಾರಿ ಕಾಣುವುದಿಲ್ಲ. ಸೈಟಿನ ರೇಟಿನ ಮಾತು ಮುಂದುವರಿದೇ ಇರುತ್ತದೆ. ರೈಲಿನ ಎಂಜಿನ್ನಿನಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ, ಸಿಗ್ನಲ್ ಕಂಡಕೂಡಲೇ ಅದು ಯಾವುದೆಂದು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳುತ್ತಾರೆ. ಅಲ್ಲಿ ಮಾತೇ ಗಮನವನ್ನು ಹಳಿಯ ಮೇಲೆ ಹಿಡಿದಿಡುತ್ತದೆ. ಮುಂದಿನ ಸೀಟಿನಲ್ಲಿ ಕೂರುವವರು ಇದನ್ನು ಧಾರಾಳವಾಗಿ ಕಲಿಯಬಹುದು. ದಾರಿ ಹೇಳುವುದು, ಹಾಡು ಬದಲಿಸುವುದು, ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡುವುದು ಎಲ್ಲವೂ ಅವರ ಕೆಲಸವಾಗಲಿ.

ಒಬ್ಬರೇ ಹೊರಟಿದ್ದರೆ ಮ್ಯಾಪು, ಕನ್ನಡಿ, ಏಸಿ ಎಲ್ಲ ಗಾಡಿ ನಿಂತಿರುವಾಗಲೇ ಸರಿಮಾಡಿಕೊಳ್ಳಬೇಕು. ಫೋನನ್ನು ಸೈಲೆಂಟ್ ಮಾಡಿ ಹಿಂದಿನ ಸೀಟಿನ ಬ್ಯಾಗಿಗೆ ಹಾಕಿದರೆ ಇನ್ನೂ ವಾಸಿ. ಟೀ ಕುಡಿಯಲು ಹೇಗೂ ನಿಲ್ಲಿಸುತ್ತೀರಿ, ಕರೆಗಳಿಗೆ ಅಲ್ಲೇ ಉತ್ತರಿಸಿ.

ಮನೆಯಲ್ಲಿರುವವರಿಗೂ ಒಂದು ಮಾತು. ಮಗನೋ ಸೊಸೆಯೋ ಗಾಡಿ ಓಡಿಸುತ್ತಿದ್ದಾರೆಂದು ಗೊತ್ತಿದ್ದಾಗ “ಎಲ್ಲಿದ್ದೀಯ, ಎಷ್ಟೊತ್ತಿಗೆ ಬರ್ತೀಯ” ಎಂದು ಫೋನು ಮಾಡಬೇಡಿ. ಗೊತ್ತಿಲ್ಲದೆ ಮಾಡಿದ್ದರೆ, ಗಾಡಿಯ ಸದ್ದು ಕೇಳಿದ ತಕ್ಷಣ ಇಟ್ಟುಬಿಡಿ.