ಕಿವಿ ಹಿಂಡಿದರೆ ಹಾಡುವ ರೇಡಿಯೋ ಎಲ್ಲಿ ಸಿಗುತ್ತೆ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಅಂತರ್ಜಾಲದ ರೇಡಿಯೋ ಸ್ಟೇಷನ್ನೊಂದು 64 ಕೆಬಿಪಿಎಸ್‌ನಲ್ಲಿ ಹರಿದು ಬರುತ್ತೆ ಅಂದುಕೊಳ್ಳಿ. ಮಾತು, ಭಾವಗೀತೆ, ವಾರ್ತೆ ಕೇಳೋದಕ್ಕೆ ಅಷ್ಟು ಧಾರಾಳ ಸಾಕು. ಗಂಟೆಗೆ ಸುಮಾರು 29 ಎಂಬಿ ಖರ್ಚು. ದಿನಕ್ಕೆ ಐದು ಗಂಟೆ ಕೇಳಿದರೂ ತಿಂಗಳಿಗೆ ನಾಲ್ಕೂವರೆ ಜಿಬಿ ದಾಟೋಲ್ಲ. ನಾವು ಭಾನುವಾರ ಮಧ್ಯಾಹ್ನ ಒಂದು ಸಿನಿಮಾ ಅರ್ಧ ನೋಡಿ ನಿದ್ದೆ ಹೋಗುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಡೇಟಾ ಕೆಲವೊಮ್ಮೆ ಸುಟ್ಟಿರುತ್ತೇವೆ. ಮನೆಗೆ ಬಂದಿರೋ ನೂರು ಮೆಗಾಬಿಟ್ ಫೈಬರ್‌ನಲ್ಲಿ, ಕಾಗದದ ಲೆಕ್ಕಕ್ಕೆ, ಸಾವಿರದೈನೂರು ಸ್ಟೇಷನ್ ಒಟ್ಟಿಗೆ ಹರಿಯಬಹುದು.

ಇಷ್ಟೆಲ್ಲ ಇದ್ದೂ ಊರಿಂದ ಬಂದಿರುವ ಅಮ್ಮ ಬೆಳಗ್ಗೆ ಆರಕ್ಕೆ ಎದ್ದು ಭದ್ರಾವತಿ ಆಕಾಶವಾಣಿ ಕೇಳಬೇಕು ಅಂದ್ರೆ ಮಗನೋ ಸೊಸೆಯೋ ಏಳೋವರೆಗೆ ಕಾಯಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೀಗೆ ಕಾಯುವ ಅಮ್ಮಂದಿರು ಒಬ್ಬರಲ್ಲ. ಮೊಮ್ಮಗು ನೋಡಿಕೊಳ್ಳೋಕೆ ಅಂತ ಬಂದವರು. ದಿನವಿಡೀ ಮನೆಯಲ್ಲಿ ಅವರ ಜೊತೆ ಅವರ ಮಾತಿನಲ್ಲಿ ಮಾತಾಡೋರು ಯಾರೂ ಇಲ್ಲ. ಊರಲ್ಲಿ ಅಡುಗೆಮನೆಯ ಗೂಡಿನಲ್ಲಿ ಕೂತು ಅಡಿಕೆ ಧಾರಣೆ, ಮಳೆ ಸುದ್ದಿ, ಚಿತ್ರಗೀತೆ ಎಲ್ಲಾ ಹೇಳ್ತಿದ್ದ ಡಬ್ಬಿ ಇಲ್ಲಿ ಬಾಯಿ ಬಿಡೋದಿಲ್ಲ. ಮೀಡಿಯಂ ವೇವ್ ಅಷ್ಟು ದೂರದಿಂದ ಹಗಲಲ್ಲಿ ಬೆಂಗಳೂರು ಮುಟ್ಟೋದೇ ಕಷ್ಟ. ಮುಟ್ಟಿದರೂ ಕಾಂಕ್ರೀಟ್ ಗೋಡೆ, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗೊರಗೊರ ಸದ್ದಿನಲ್ಲಿ ಅದು ಸತ್ತೇ ಹೋಗುತ್ತೆ. ಉಳಿದಿರೋ ದಾರಿ ಅಂತರ್ಜಾಲ ಒಂದೇ.

ಹಾಗಾಗಿ ಮಾರುಕಟ್ಟೆಯಲ್ಲಿ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ವಿಮರ್ಶೆ ಮಾಡೋಣ. ನನ್ನ ಪರೀಕ್ಷೆ ಮೂರೇ. ಒಂದು, ಎರಡು ಸಾವಿರ ರೂಪಾಯಿ ಒಳಗೆ ಮುಗೀಬೇಕು. ಎರಡು, ಇಂಗ್ಲಿಷ್ ಬಾರದವರು, ಸ್ಕ್ರೀನ್ ಮುಟ್ಟದವರು ಯಾರನ್ನೂ ಕೇಳದೆ ಹಚ್ಚಿ ಆರಿಸೋ ಹಾಗಿರಬೇಕು. ಮೂರು, ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೂ ಡಬ್ಬಿ ಹಾಡ್ತಾ ಇರಬೇಕು. ನಮ್ಮೂರ ಹಳೇ ಟ್ರಾನ್ಸಿಸ್ಟರು ಈ ಮೂರರಲ್ಲೂ ಪಾಸಾಗಿತ್ತು. ಅತಿಯಾಸೆ ಅನ್ನಬೇಡಿ.

ಮೊದಲನೇದು, ಇಂಟರ್ನೆಟ್ ರೇಡಿಯೋ ಅಂತಲೇ ಮಾರುವ ಡಬ್ಬಿಗಳು. ನೋಡೋಕೆ ಚಂದ, ಮರದ ಮೈ, ದುಂಡನೆಯ ಗುಂಡಿ. ಹೊರಗಿನಿಂದ ಬರೋದ್ರಿಂದ ಬೆಲೆ ನಮ್ಮ ಮಿತಿಯ ಎಷ್ಟೋ ಪಟ್ಟು. ಮೊದಲ ಪರೀಕ್ಷೆಯಲ್ಲೇ ಔಟ್. ಆದರೆ ಅದಕ್ಕಿಂತ ದೊಡ್ಡ ದೋಷ ಒಳಗಿದೆ. ಈ ಡಬ್ಬಿಗೆ ಸ್ಟೇಷನ್ನುಗಳ ವಿಳಾಸ ಗೊತ್ತಿರೋದಿಲ್ಲ. ಪ್ರತಿ ಸಲ ಯಾವುದೋ ಕಂಪನಿಯ ಸರ್ವರಿಗೆ ಹೋಗಿ ಕೇಳಿಕೊಂಡು ಬರುತ್ತೆ. ರೆಸಿವಾ ಅನ್ನೋ ಇಂಥ ಒಂದು ಸೇವೆ 2021ರಲ್ಲಿ ನಿಂತಿತು. ಅದನ್ನೇ ನಂಬಿದ್ದ ಎಷ್ಟೋ ಬ್ರಾಂಡುಗಳ ರೇಡಿಯೋಗಳು, ಒಂದು ತಿರುಪೂ ಸಡಿಲವಾಗದೆ ಇದ್ದರೂ, ಮಂಕು ಕವಿದವರ ಥರ ಕೂತವು. ಅದಕ್ಕೂ ಮೊದಲು, 2015ರಲ್ಲಿ, ಬಿಬಿಸಿ ತನ್ನ ಹಳೆಯ ಬಗೆಯ ಸ್ಟ್ರೀಮುಗಳನ್ನು ನಿಲ್ಲಿಸಿ ಹೊಸ ತಂತ್ರಕ್ಕೆ ಹೋದಾಗಲೂ ಬ್ರಿಟನ್ನಿನಲ್ಲಿ ಇದೇ ಕಥೆ. ಊರಲ್ಲಿ ರೇಡಿಯೋ ಕೆಟ್ಟರೆ ಸಂತೆ ದಿನ ರಿಪೇರಿಗೆ ಒಯ್ಯಬಹುದಿತ್ತು. ಇದು ಕೆಟ್ಟಿಲ್ಲವಲ್ಲ, ಯಾರು ರಿಪೇರಿ ಮಾಡ್ತಾರೆ?

ಇದಕ್ಕೆ ಎದುರು ಉದಾಹರಣೆಯೂ ಇದೆ. ಲಾಜಿಟೆಕ್‌ನವರು ಸ್ಕ್ವೀಜ್‌ಬಾಕ್ಸ್ ಅನ್ನೋ ಆಟಗಾರನನ್ನು 2012ರಲ್ಲೇ ಕೈಬಿಟ್ಟರು. ಅದರ ಸರ್ವರನ್ನು 2024ರಲ್ಲಿ ಮುಚ್ಚಿದರು. ಆದರೂ ಆ ಡಬ್ಬಿಗಳು ಇವತ್ತೂ ಹಾಡ್ತಿವೆ. ಯಾಕಂದ್ರೆ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿತ್ತು, ಬಳಸುವವರೇ ಸೇರಿ ಅದನ್ನು ಲಿರಿಯನ್ ಅನ್ನೋ ಹೆಸರಲ್ಲಿ ಮುಂದುವರಿಸಿದರು. ಡಬ್ಬಿಯ ಆಯಸ್ಸು ಅದರ ಗುಣಮಟ್ಟದಲ್ಲಿಲ್ಲ, ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದ್ರಲ್ಲಿದೆ.

ಎರಡನೇದು, ನಾವೆಲ್ಲ ಮಾಡೋದು: ಮೊಬೈಲು, ಅದಕ್ಕೊಂದು ಬ್ಲೂಟೂತ್ ಸ್ಪೀಕರ್. ಎಂಟುನೂರಕ್ಕೂ ಸ್ಪೀಕರ್ ಸಿಗುತ್ತೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಪುಕ್ಕಟೆ. ದೇಶದ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ಪ್ರಸಾರಗಳು ಅದರಲ್ಲಿವೆ. ಧಾರವಾಡ, ಮೈಸೂರು, ಕಲಬುರಗಿ, ಮಂಗಳೂರು, ಭದ್ರಾವತಿ ಎಲ್ಲವೂ. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ, 2016ರಲ್ಲಿ ಶುರುವಾದ ರಾಗಂ ಕೂಡ. ಮೆಚ್ಚಬೇಕಾದ ಕೆಲಸವೇ. ಒಬ್ಬನೇ ಇರೋ ಬ್ಯಾಚುಲರ್‌ಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ, ಈ ಲೇಖನವನ್ನು ಅವರು ಇಲ್ಲಿಗೇ ನಿಲ್ಲಿಸಬಹುದು.

ಆದ್ರೆ ಮನೆಮಂದಿಗೆ ಇದು ರೇಡಿಯೋ ಆಗೋಲ್ಲ. ಫೋನು ಒಬ್ಬರದ್ದು, ರೇಡಿಯೋ ಮನೆಯದ್ದು. ಮಗ ಆಫೀಸಿಗೆ ಹೊರಟರೆ ರೇಡಿಯೋವೂ ಜೇಬಿನಲ್ಲಿ ಕೂತು ಹೊರಡುತ್ತೆ. ವಾರ್ತೆ ಮಧ್ಯೆ ಕಾಲ್ ಬಂದರೆ ಡೆಲ್ಲಿಯಿಂದ ಸಾಲ ಕೊಡೋರ ದನಿ. ಅಮ್ಮನ ಫೋನಿಗೇ ಹಾಕಿಕೊಟ್ಟರೆ? ಬೀಗ ತೆಗಿ, ಆ್ಯಪ್ ಹುಡುಕು, ಪಟ್ಟಿ ಉರುಳಿಸು, ಬ್ಲೂಟೂತ್ ಕೂಡಿತೋ ಇಲ್ಲವೋ ನೋಡು. ನಮಗೆ ಇದು ಐದು ಸೆಕೆಂಡು. ಅರವತ್ತೈದರ ಒರಟು ಬೆರಳಿಗೆ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವವರಿಗೆ, ಅದು ಬೆಟ್ಟ. ಎರಡು ದಿನ ಕೇಳ್ತಾರೆ, ಮೂರನೇ ದಿನ “ಬಿಡಪ್ಪ, ರೇಡಿಯೋ ಏನ್ ಮಹಾ” ಅಂತಾರೆ. ಬೇಡ ಅಂತ ಅಲ್ಲ. ಪದೇಪದೇ ಕೇಳೋಕೆ ಸಂಕೋಚ.

ಮೂರನೇದು, ಮಾತಾಡೋ ಸ್ಪೀಕರ್. ಆಫರಿನಲ್ಲಿ ಎರಡು ಮೂರು ಸಾವಿರಕ್ಕೆ ಬರುತ್ತೆ. ಗುಂಡಿಯೇ ಬೇಡ, ಬಾಯಲ್ಲಿ ಹೇಳಿದರಾಯ್ತು ಅಂತ ಜಾಹೀರಾತು. ಯಾವ ಭಾಷೆಯಲ್ಲಿ ಹೇಳಬೇಕು ಅನ್ನೋದನ್ನು ಮಾತ್ರ ಜಾಹೀರಾತು ಹೇಳೋದಿಲ್ಲ. ನಮ್ಮ ಮನೆಯಲ್ಲಿ ಇದ್ದ ಒಂದಕ್ಕೆ ಇಂಗ್ಲಿಷ್ ಬರ್ತಿತ್ತು, ಹಿಂದಿ ಬರ್ತಿತ್ತು. “ಭದ್ರಾವತಿ ಹಾಕು” ಅಂದರೆ ಯಾವುದೋ ಭಜನೆ ಶುರುಮಾಡ್ತಿತ್ತು. ಅಮ್ಮ ಅದಕ್ಕೆ ಗೌರವದಿಂದ “ಹಾಕಿಯಪ್ಪ” ಅಂದರೂ ಒಂದೇ, ಗದರಿದರೂ ಒಂದೇ. ತನ್ನ ಮನೆಯಲ್ಲೇ ತನ್ನ ಭಾಷೆ ಕೆಲಸಕ್ಕೆ ಬಾರದು ಅಂತ ಒಂದು ಯಂತ್ರದ ಹತ್ತಿರ ದಿನಾ ಹೇಳಿಸಿಕೊಳ್ಳೋದು ಸಣ್ಣ ಅವಮಾನ ಅಲ್ಲ. ಎರಡನೇ ಪರೀಕ್ಷೆಯಲ್ಲಿ ಫೇಲು. ಸರ್ವರ್ ಇಲ್ಲದೆ ಅದು ಬರೀ ಪೇಪರ್‌ವೇಟ್ ಆದ್ದರಿಂದ ಮೂರನೇದರಲ್ಲೂ ಫೇಲು.

ನಾಲ್ಕನೇದು, ಡ್ರಾಯರಿನಲ್ಲಿ ಬಿದ್ದಿರೋ ಹಳೇ ಆಂಡ್ರಾಯ್ಡ್ ಫೋನು. ಗಾಜು ಒಡೆದಿದ್ದರೂ ಪರವಾಗಿಲ್ಲ. ಸಿಮ್ ತೆಗೆದು, ವೈಫೈ ಕೊಟ್ಟು, ನೂರು ರೂಪಾಯಿಯ ಆಕ್ಸ್ ಕೇಬಲ್‌ನಿಂದ ಹಳೇ ಸ್ಪೀಕರಿಗೆ ಜೋಡಿಸಿ ಅಡುಗೆಮನೆ ಗೋಡೆಗೆ ನೇತು ಹಾಕಿ. ಬೇಕಾದ ಮೂರು ಸ್ಟೇಷನ್ ಮಾತ್ರ ಮುಖಪುಟದಲ್ಲಿ ದೊಡ್ಡದಾಗಿ ಇಡಿ, ಉಳಿದ ಆ್ಯಪ್ ಎಲ್ಲ ಅಳಿಸಿ. ಕಾಲ್ ಬರೋಲ್ಲ, ಯಾರ ಜೇಬಿಗೂ ಹೋಗೋಲ್ಲ. ಹೆಚ್ಚಿನವರಿಗೆ ನಾನು ಹೇಳೋ ದಾರಿ ಇದೇ. ಒಂದೇ ಎಚ್ಚರ: ಇಪ್ಪತ್ನಾಲ್ಕು ಗಂಟೆ ಚಾರ್ಜಿಗೆ ಹಾಕಿಟ್ಟರೆ ಹಳೇ ಬ್ಯಾಟರಿ ಊದಿಕೊಳ್ಳುತ್ತೆ. ಒಲೆ ಹತ್ತಿರವಂತೂ ಬೇಡವೇ ಬೇಡ. ರಾತ್ರಿ ಪ್ಲಗ್ಗು ತೆಗೆಯೋ ಅಭ್ಯಾಸ ಇರಲಿ, ಬೆನ್ನು ಉಬ್ಬಿದ ಫೋನಾದರೆ ಬಳಸಲೇಬೇಡಿ.

ಐದನೇದು, ನಮ್ಮಂಥವರ ಚಪಲ: ನಾವೇ ಮಾಡಿಕೊಳ್ಳೋದು. ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ, ಮೆಮೊರಿ ಕಾರ್ಡು, ಒಂದು ಸೌಂಡ್ ಕಾರ್ಡು. (ಪೈ ಜೀರೋದಲ್ಲಿ ಹೆಡ್‌ಫೋನ್ ತೂತು ಇಲ್ಲ, ಅದಕ್ಕೇ ಬೇರೆ ಖರ್ಚು.) ಎಲ್ಲಾ ಸೇರಿ ನಮ್ಮ ಮಿತಿಯನ್ನು ಸ್ವಲ್ಪ ದಾಟುತ್ತೆ. ಅದರಲ್ಲಿ ಎಂಪಿಡಿ ಅನ್ನೋ ಮುಕ್ತ ತಂತ್ರಾಂಶ ಹಾಕಿದರೆ ಸರ್ವರ್ ಹಂಗಿಲ್ಲ, ಆಕಾಶವಾಣಿಯ ಸ್ಟ್ರೀಮೂ ಸಲೀಸು. ಮೂರು ವ್ಯಾಟ್ ಅಂತ ಹಿಡಿದರೂ ಹಗಲೂ ರಾತ್ರಿ ಹಾಡಿ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ ಕರೆಂಟು. ಆದರೆ ಕರೆಂಟು ಥಟ್ಟನೆ ಹೋದರೆ ಕಾರ್ಡು ಕೆಡಬಹುದು, ಅದನ್ನು ಓದುವುದಕ್ಕೆ ಮಾತ್ರ ಅಂತ ಬಂದೋಬಸ್ತು ಮಾಡಿಡಬೇಕು.

ಇನ್ನೂ ಅಗ್ಗ ಬೇಕಾದರೆ ಇಎಸ್‌ಪಿ32. ಐನೂರು ರೂಪಾಯಿ ಆಸುಪಾಸಿನ ಚಿಪ್ಪು, ವೈಫೈ ಒಳಗೇ ಇದೆ. ಒಂದು ಪುಟ್ಟ ಆಂಪ್ಲಿಫೈಯರು, ಹಳೇ ಸ್ಪೀಕರು, ನಾಲ್ಕು ಒತ್ತುಗುಂಡಿ. ಸಾವಿರದೊಳಗೆ ಕೆಲಸ ಆಗುತ್ತೆ. ಎರಡು ತೊಡಕು. ಅದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬಲ್ಲದು. ಎರಡನೇದು, ಇವತ್ತಿನ ಸ್ಟ್ರೀಮುಗಳಲ್ಲಿ ಹಲವು ಎಚ್‌ಎಲ್‌ಎಸ್ ಮಾದರಿಯವು. ದನಿಯನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ, ಪಟ್ಟಿ ಕಳಿಸಿ, ಒಂದೊಂದಾಗಿ ಎತ್ತಿಕೊಳ್ಳಿ ಅನ್ನುತ್ತೆ. ಮೆಮೊರಿ ಕಡಿಮೆ ಇರೋ ಬೋರ್ಡು ಇದರಲ್ಲಿ ತಿಣುಕುತ್ತೆ, ಪಿಎಸ್‌ರ್ಯಾಮ್ ಇರೋದನ್ನೇ ಕೊಳ್ಳಿ.

ಈಗ ನಮ್ಮ ಅಡುಗೆಮನೆಯಲ್ಲಿ ಇರೋದು ಈ ಐದನೇ ಜಾತಿಯದ್ದು. ಗುಂಡಿಗಳ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದೆ: ಭದ್ರಾವತಿ, ಧಾರವಾಡ, ವಿವಿಧ ಭಾರತಿ, ರಾಗಂ. ಪಕ್ಕದಲ್ಲಿ ದನಿ ಏರಿಸಿ ಇಳಿಸಲು ಒಂದು ಕಿವಿ. ಇದನ್ನು ಮಾಡುವಾಗ ಹೆಚ್ಚು ಯೋಚಿಸಿದ್ದು ಹಾಡುವುದರ ಬಗ್ಗೆ ಅಲ್ಲ, ಹಾಡದೇ ಇರುವುದರ ಬಗ್ಗೆ. ನೆಟ್ ಹೋದಾಗ ಡಬ್ಬಿ ಸುಮ್ಮನಾದರೆ ಅಮ್ಮಂದಿರು ಮೊದಲು ಅಂದುಕೊಳ್ಳೋದು “ನಾನೇನೋ ಒತ್ತಿ ಕೆಡಿಸಿದೆ” ಅಂತ. ಆಮೇಲೆ ಮುಟ್ಟೋದೇ ಇಲ್ಲ. ಅದಕ್ಕೇ ಸಂಪರ್ಕ ತಪ್ಪಿದರೆ “ನೆಟ್ ಹೋಗಿದೆ, ಸ್ವಲ್ಪ ಹೊತ್ತಿಗೆ ಬರುತ್ತೆ” ಅಂತ ಹೆಂಡತಿಯ ದನಿಯಲ್ಲಿ ರೆಕಾರ್ಡ್ ಮಾಡಿ ಹಾಕಿದ್ದೇವೆ. ಹತ್ತು ಸಾವಿರ ಕೊಟ್ಟು ಕೊಳ್ಳೋ ಡಬ್ಬಿಯಲ್ಲಿ ಇಂಗ್ಲಿಷಿನ ಎರರ್ ಕೋಡು ಬರುತ್ತೆ. ಯಾರಿಗೋಸ್ಕರ ಮಾಡ್ತಿದ್ದೇವೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಹಾಗಂತ ಎಲ್ಲರೂ ಸೋಲ್ಡರಿಂಗ್ ಕಡ್ಡಿ ಹಿಡೀರಿ ಅಂತ ಹೇಳ್ತಿಲ್ಲ. ಹೇಳಬಾರದು ಕೂಡ. ರೇಡಿಯೋ ಕೇಳೋದಕ್ಕೆ ಬಿಇ ಮಾಡಿದ ಮಗ ಬೇಕು ಅನ್ನೋದೇ ಈ ಇಡೀ ವ್ಯವಸ್ಥೆಯ ಮೇಲಿರೋ ದೊಡ್ಡ ಟೀಕೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಅವತ್ತು ಕಷ್ಟವೆಲ್ಲ ಪ್ರಸಾರ ಮಾಡೋರದ್ದು, ಕೇಳೋರದ್ದು ಒಂದು ಗುಂಡಿ ತಿರುಗಿಸೋ ಕೆಲಸ. ಇವತ್ತು ಪ್ರಸಾರ ಸಲೀಸು, ಕಷ್ಟವೆಲ್ಲ ಕೇಳೋರ ತಲೆಗೆ ಬಂದಿದೆ.

ಅಂತರ್ಜಾಲ ರೇಡಿಯೋಗೆ ಅದರದ್ದೇ ಮಿತಿಗಳೂ ಇವೆ, ಮುಚ್ಚಿಡೋದು ಬೇಡ. ತುಂಡು ತುಂಡಾಗಿ ಬರೋದ್ರಿಂದ ಅರ್ಧ ನಿಮಿಷದವರೆಗೂ ತಡ. ವಾರ್ತೆಗೆ ಮುಂಚಿನ ಕುಕ್ ಕುಕ್ ಕೇಳಿ ಗಡಿಯಾರ ಸರಿ ಮಾಡಿಕೊಳ್ತಿದ್ದವರು ಅದನ್ನು ಬಿಡಬೇಕು. ಕ್ರಿಕೆಟ್ ಕಾಮೆಂಟರಿಯಲ್ಲಿ ಸಿಕ್ಸರ್ ಬರೋ ಮೊದಲೇ ಪಕ್ಕದ ಮನೆಯ ಟಿವಿಯಿಂದ ಕೂಗು ಬಂದಿರುತ್ತೆ. ಪ್ರವಾಹ ಬಂದು ಟವರ್ ಬಿದ್ದಾಗ ನೆಟ್ ರೇಡಿಯೋ ಮೊದಲು ಸಾಯುತ್ತೆ, ಎರಡು ಸೆಲ್ಲಿನ ಟ್ರಾನ್ಸಿಸ್ಟರು ಕೊನೆಗೆ. ಹಾಗಾಗಿ ನಿಮಗೆ ಬೇಕಾದ ಸ್ಟೇಷನ್ ನಿಮ್ಮೂರ ಎಫ್‌ಎಂನಲ್ಲೇ ಸಿಗೋದಾದರೆ ಈ ರಗಳೆ ಯಾವುದೂ ಬೇಡ, ಏಳುನೂರು ರೂಪಾಯಿಯ ಎಫ್‌ಎಂ ರೇಡಿಯೋ ತನ್ನಿ.

ಇದನ್ನು ಸರಿ ಮಾಡೋಕೆ ಬೇಕಾಗಿರೋದು ದೊಡ್ಡ ಸಂಶೋಧನೆ ಅಲ್ಲ. ಪ್ರಸಾರ ಭಾರತಿ ಪ್ರತಿ ಕೇಂದ್ರದ ಸ್ಟ್ರೀಮಿಗೂ ಬದಲಾಗದ ಒಂದು ನೇರ ವಿಳಾಸ ಕೊಟ್ಟು, ಮೀಟರ್ ಬ್ಯಾಂಡಿನ ಸಂಖ್ಯೆ ಹೇಳ್ತಿದ್ದ ಹಾಗೇ ಅದನ್ನು ಬಹಿರಂಗವಾಗಿ ಹೇಳಲಿ. ಸಾರ್ವಜನಿಕರ ದುಡ್ಡಿನ ಪ್ರಸಾರಕ್ಕೆ ಆ್ಯಪ್ ಒಂದೇ ಬಾಗಿಲು ಆಗಬಾರದು. ವಿಳಾಸ ಸ್ಥಿರವಾದರೆ ಸಾವಿರ ರೂಪಾಯಿಯ ಡಬ್ಬಿಯನ್ನು ಪೀಣ್ಯದ ಯಾವ ಸಣ್ಣ ಕಾರ್ಖಾನೆಯೂ ಮಾಡಿ ಮಾರಬಹುದು. ನಾಲ್ಕು ಗುಂಡಿ, ಒಂದು ಕಿವಿ, ಕನ್ನಡದ ಲೇಬಲ್ಲು. ಅಲ್ಲಿಯವರೆಗೆ ಈ ವಾರಾಂತ್ಯ ಆ ಡ್ರಾಯರ್ ತೆಗೆದು ಹಳೇ ಫೋನು ಹುಡುಕಿ. ಯಾವ ಸ್ಟೇಷನ್ ಬೇಕು ಅಂತ ಮಾತ್ರ ನೀವೇ ತೀರ್ಮಾನ ಮಾಡಬೇಡಿ, ಅವರನ್ನೇ ಕೇಳಿ.