ವಿಮಾನ ನಿಲ್ದಾಣದಲ್ಲಿ ಸಲ್ಲುವ ಕಾರ್ಡು, ನಾಡಕಚೇರಿಯಲ್ಲಿ ಸಲ್ಲದ ಕಾರ್ಡು

ಭಾರತದಲ್ಲಿ ದ್ವಿಪೌರತ್ವವಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ ಎನ್ನುತ್ತದೆ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್. ದ್ವಿಪೌರತ್ವ ಕೊಡಬಹುದೆಂದು ಎಲ್.ಎಂ. ಸಿಂಘ್ವಿ ನೇತೃತ್ವದ ಸಮಿತಿ 2002ರಲ್ಲಿ ಹೇಳಿತ್ತು. ಕಡೆಗೆ ಸರ್ಕಾರ ಕೊಟ್ಟದ್ದು ಸಾಗರೋತ್ತರ ಭಾರತೀಯ ಪೌರತ್ವ, ಎಂದರೆ ಒಸಿಐ ಕಾರ್ಡು. 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಭಾರತೀಯ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಕಾರ್ಡು 2015ರಲ್ಲಿ ಇದರೊಳಗೇ ಸೇರಿಕೊಂಡಿತು.

ಪ್ರಯಾಣದ ಮಟ್ಟಿಗೆ ಈ ವ್ಯವಸ್ಥೆಯನ್ನು ಹೊಗಳಲೇಬೇಕು. ಜೀವನಪರ್ಯಂತದ ವೀಸಾ, ಎಷ್ಟು ವರ್ಷವಾದರೂ ಇರಬಹುದು, ವಿದೇಶಿಯರ ನೋಂದಣಿ ಕಚೇರಿಗೆ ಅಲೆದಾಟವಿಲ್ಲ. ಮೊದಲು ಪಾಸ್‌ಪೋರ್ಟ್ ಬದಲಾದಾಗ, 20 ವರ್ಷದವರೆಗೆ ಪ್ರತಿ ಸಲವೂ 50 ದಾಟಿದ ಮೇಲೆ ಮತ್ತೊಮ್ಮೆಯೂ, ಕಾರ್ಡನ್ನೂ ಬದಲಿಸಬೇಕಾಗುತ್ತಿದ್ದ ಗೋಳನ್ನು 2021ರಲ್ಲಿ ತಗ್ಗಿಸಲಾಯಿತು. ಈಗ 20 ತುಂಬುವ ಮೊದಲೇ ಕಾರ್ಡು ಪಡೆದವರು ಆ ವಯಸ್ಸು ದಾಟಿದ ಮೇಲೆ ಒಮ್ಮೆ ಹೊಸ ಕಾರ್ಡು ಪಡೆದರೆ ಸಾಕು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ತೊಡಕು ಶುರುವಾಗುವುದು ಅಲ್ಲಿಂದ ಊರ ಕಡೆ ಹೊರಟಾಗ.

ಗೌರಿಬಿದನೂರು ಸೀಮೆಯ ತೊಂಡೇಬಾವಿಯನ್ನೇ ತೆಗೆದುಕೊಳ್ಳಬಹುದು. ಯಲಹಂಕದಿಂದ ಹಿಂದೂಪುರದ ಕಡೆ ಹೋಗುವ ರೈಲುದಾರಿಯ ಊರು, ಪಕ್ಕದಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ, ಸುತ್ತ ಜೋಳ, ರಾಗಿ, ಕಡಲೆಕಾಯಿಯ ಹೊಲಗಳು. ಇಂಥ ಊರಿನಿಂದ ಬೆಂಗಳೂರಿಗೆ ಓದಲು ಹೋಗಿ, ಅಲ್ಲಿಂದ ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರಳಾದ ಮಗಳಿಗೆ ಊರಲ್ಲಿ ಉಳಿದಿರುವ ಆಸ್ತಿಯೆಂದರೆ ಹೊಲ. ಒಸಿಐ ಕಾರ್ಡು ಕೈಚೆಲ್ಲುವುದೂ ಅಲ್ಲೇ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಹೊರದೇಶದಲ್ಲಿ ನೆಲೆಸಿದ ಕಾರ್ಡುದಾರರು ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿಭೂಮಿ, ತೋಟದ ಮನೆ, ಪ್ಲಾಂಟೇಶನ್ ಕೊಳ್ಳುವಂತಿಲ್ಲ. ಅಪ್ಪ ಬದುಕಿರುವಾಗಲೇ ದಾನಪತ್ರ ಬರೆದುಕೊಟ್ಟರೂ ಪಡೆಯುವಂತಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ವಾರಸುದಾರಿಕೆಯಿಂದಲೋ ವಿಲ್ಲಿನಿಂದಲೋ ಅದೇ ಹೊಲ ಅವಳಿಗೆ ಬರಬಹುದು. ಜೀವಂತ ತಂದೆ ಮಾಡಲಾಗದ್ದನ್ನು ಅವನ ಮರಣ ಮಾಡಿಕೊಡುತ್ತದೆ ಎಂಬ ಈ ಏರ್ಪಾಡಿಗೆ ಸಮರ್ಥನೆ ಹುಡುಕುವುದು ಕಷ್ಟ. ವಿದೇಶಿ ಹಣ ಹೊಲಗಳಿಗೆ ನುಗ್ಗಬಾರದೆಂಬ ಉದ್ದೇಶ ಸರಿಯೇ. ದಾನದಲ್ಲಿ ಯಾವ ಹಣವೂ ಬರುವುದಿಲ್ಲವಲ್ಲ.

ಹೊರದೇಶದಲ್ಲಿರುವ ಭಾರತೀಯ ಪೌರರಿಗೂ ಇದೇ ನಿರ್ಬಂಧವಿದೆ ಎಂಬುದನ್ನು ಮರೆಯಬಾರದು. ವ್ಯತ್ಯಾಸ ಎದ್ದುಕಾಣುವುದು ಇಬ್ಬರೂ ಊರಿಗೆ ಮರಳಿದಾಗ. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವನು ಇಲ್ಲಿ ನೆಲೆಸಿದೊಡನೆ ಎಲ್ಲರಂತೆ ಹೊಲ ಕೊಳ್ಳಬಲ್ಲ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರವಂತೂ ಕರ್ನಾಟಕದಲ್ಲಿ ಕೃಷಿಕರಲ್ಲದವರಿಗೂ ಆ ಬಾಗಿಲು ತೆರೆದಿದೆ. ಕಾರ್ಡುದಾರರ ಸ್ಥಿತಿ ಅತಂತ್ರ: ವಿನಿಮಯ ಕಾನೂನು ವಾಸಸ್ಥಳವನ್ನು ನೋಡುತ್ತದೆ, ಪೌರತ್ವ ಕಾಯ್ದೆಯಡಿಯ ಅಧಿಸೂಚನೆ ಕಾರ್ಡನ್ನು ನೋಡುತ್ತದೆ. ಉಪನೋಂದಣಾಧಿಕಾರಿಯ ಮೇಜಿನ ಮುಂದೆ ಇವೆರಡನ್ನೂ ಹೊಂದಿಸಿ ಹೇಳುವವರಾರು?

ಪಿತ್ರಾರ್ಜಿತದ ಹಕ್ಕಿದ್ದರೂ ಅದು ಪಹಣಿಗೆ ಏರಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ಪೌತಿ ಖಾತೆಯ ಅರ್ಜಿ ಬೇಕು. ಇತ್ತೀಚೆಗೆ ಪಹಣಿಗೆ ಆಧಾರ್ ಜೋಡಣೆಯೂ ಸೇರಿದೆ. ಒಸಿಐ ಕಾರ್ಡುದಾರರಿಗೆ ಆಧಾರ್ ಸಿಗಬೇಕಾದರೆ ಅರ್ಜಿಯ ಹಿಂದಿನ 12 ತಿಂಗಳಲ್ಲಿ ಒಟ್ಟು 182 ದಿನ ಭಾರತದಲ್ಲಿ ಇದ್ದಿರಬೇಕು. ರಜೆಗೆಂದು ಬಂದವರಿಗೆ ಅದು ಸಾಧ್ಯವಿಲ್ಲದ ಮಾತು. ಆಗ ತಮ್ಮನಿಗೋ ಚಿಕ್ಕಪ್ಪನಿಗೋ ಜಿಪಿಎ, ಎಂದರೆ ಸಾಮಾನ್ಯ ಅಧಿಕಾರಪತ್ರ, ಬರೆದುಕೊಡುವುದು ರೂಢಿ. ಆ ಪತ್ರಕ್ಕೆ ಹೊರದೇಶದಲ್ಲೇ ಅಪೋಸ್ಟಿಲ್ ಅಥವಾ ಭಾರತೀಯ ಕಾನ್ಸುಲೇಟಿನ ದೃಢೀಕರಣ ಆಗಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಒಂದು ಪೌತಿ ಖಾತೆ ವರ್ಷಗಟ್ಟಲೆ ನಿಲ್ಲಲು ಇಷ್ಟರಲ್ಲಿ ಒಂದು ಕಾಗದ ತಪ್ಪಿದರೆ ಸಾಕು. ಹೊಲವನ್ನು ಮಾರುವುದಾದರೂ ಇಲ್ಲಿ ನೆಲೆಸಿರುವವರಿಗೇ ಮಾರಬೇಕು; ಅಮೆರಿಕದಲ್ಲೇ ಇರುವ ಅಣ್ಣನಿಗೆ ಬಿಟ್ಟುಕೊಡುವಂತಿಲ್ಲ.

ಮತದಾನ, ಸರ್ಕಾರಿ ನೌಕರಿ, ಚುನಾವಣೆಗೆ ನಿಲ್ಲುವುದು ಇವು ಕಾರ್ಡುದಾರರಿಗೆ ಇಲ್ಲವೆಂದು ಪೌರತ್ವ ಕಾಯ್ದೆಯ 7ಬಿ ಸೆಕ್ಷನ್ ಮೊದಲೇ ಹೇಳಿದೆ. ಅದರಲ್ಲಿ ಮುಚ್ಚುಮರೆಯಿಲ್ಲ, ದೂರಲು ಕಾರಣವೂ ಇಲ್ಲ.

ದೂರಬೇಕಾದದ್ದು ಕೊಟ್ಟ ಸೌಲಭ್ಯಗಳ ಅಸ್ಥಿರತೆಯನ್ನು. ಅವೆಲ್ಲ ನಿಂತಿರುವುದು ಕೇಂದ್ರದ ಅಧಿಸೂಚನೆಗಳ ಮೇಲೆ. ಸಂಸತ್ತಿನಲ್ಲಿ ಚರ್ಚೆಯಾಗದೆಯೂ ಅವು ಬದಲಾಗಬಲ್ಲವು. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್, ವೃತ್ತಿಶಿಕ್ಷಣದ ಪ್ರವೇಶದಲ್ಲಿ ಒಸಿಐ ವಿದ್ಯಾರ್ಥಿಗಳನ್ನು ಎನ್‌ಆರ್‌ಐ ಕೋಟಾಕ್ಕಷ್ಟೇ ಕಟ್ಟಿಹಾಕುವಂತಿಲ್ಲ ಎಂದು ಅವರ ಪರ ತೀರ್ಪು ಕೊಟ್ಟಿತು. ಮೂರು ತಿಂಗಳೊಳಗೆ, 2021ರ ಮಾರ್ಚ್ 4ರಂದು ಹೊರಬಿದ್ದ ಅಧಿಸೂಚನೆ ಅವರಿಗೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ ಎಂದಿತು. ಪತ್ರಿಕಾವೃತ್ತಿಗೂ ಸಂಶೋಧನೆಗೂ ವಿಶೇಷ ಅನುಮತಿ ಬೇಕೆಂದೂ ಅದು ಹೇಳಿತು. ಬೆಂಗಳೂರಿನಲ್ಲೇ ಬೆಳೆದು, ಇಲ್ಲಿನ ಶಾಲೆಯಲ್ಲೇ ಓದಿ, ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ ಎಂಬಂಥ ಮಕ್ಕಳು ನೀಟ್ ಪರೀಕ್ಷೆಯ ಹೊಸ್ತಿಲಲ್ಲಿ ಏಕಾಏಕಿ ಹೊರಗಿನವರಾದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮ ಅಧಿಸೂಚನೆಯ ನಂತರದವರಿಗಷ್ಟೇ ಅನ್ವಯ ಎಂದು ತೀರ್ಮಾನಿಸಿ ಹಿಂದಿನವರನ್ನು ಉಳಿಸಿತು. ಆದರೂ ಆ ದಿನದ ನಂತರ ಕಾರ್ಡು ಪಡೆದ ಮಕ್ಕಳ ಪಾಲಿಗೆ ಬಾಗಿಲು ಕಿರಿದಾಗಿಯೇ ಉಳಿದಿದೆ.

ಇನ್ನೊಂದು ದೇಶದ ಹೊರೆಯೂ ಇದೆ. ಅಮೆರಿಕ ತನ್ನ ಪೌರರ ಮೇಲೆ, ಅವರು ಎಲ್ಲೇ ಇರಲಿ, ತೆರಿಗೆ ಹಾಕುತ್ತದೆ. ಹೊರದೇಶದ ಖಾತೆಗಳಲ್ಲಿನ ಹಣ ವರ್ಷದಲ್ಲಿ ಎಂದಾದರೂ ಒಟ್ಟು 10,000 ಡಾಲರ್ ದಾಟಿದರೆ ಅದರ ವಿವರ ಕೊಡಬೇಕು. ಅಮ್ಮನ ಆಸ್ಪತ್ರೆ ಖರ್ಚಿಗೆಂದು ಊರ ಬ್ಯಾಂಕಿನಲ್ಲಿ ತೆರೆದ ಜಂಟಿ ಖಾತೆಯೂ ಈ ಲೆಕ್ಕಕ್ಕೆ ಬರುತ್ತದೆ.

ಪೂರ್ಣವಾಗಿ ಮರಳಲು ಒಂದು ದಾರಿಯಿದೆ. ಐದು ವರ್ಷ ಕಾರ್ಡುದಾರರಾಗಿದ್ದು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲಿ ವಾಸಿಸಿದವರು ಮತ್ತೆ ಭಾರತೀಯ ಪೌರತ್ವ ಕೇಳಬಹುದು. ಆಗ ಹೊರದೇಶದ ಪೌರತ್ವವನ್ನು ಬಿಡಬೇಕು. ಹೊಲ ಕೊಳ್ಳುವ ತಕರಾರು ಅಲ್ಲಿಗೆ ತೀರುತ್ತದೆ. ಆದರೆ ಅಮೆರಿಕದಲ್ಲೇ ಉಳಿದ ಮೊಮ್ಮಕ್ಕಳನ್ನು ನೋಡಿ ಬರಬೇಕಾದರೆ ಅಂಥವರು ಇಲ್ಲಿ ವೀಸಾ ಸಂದರ್ಶನಕ್ಕೆ ದಿನ ಕಾಯಬೇಕಾಗುತ್ತದೆ.