ತಾಮ್ರದ ತಗಡಿನಲ್ಲಿ ಶ್ರೀರಂಗಪಟ್ಟಣ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈಗೆ ಬಿತ್ತು, ಟಿಪ್ಪು ಸುಲ್ತಾನ ಹೋರಾಡುತ್ತಲೇ ಸತ್ತ. ಮರುವರ್ಷವೇ ಲಂಡನ್ನಿನ ಲೈಸಿಯಂ ಎಂಬ ಪ್ರದರ್ಶನಶಾಲೆಯಲ್ಲಿ ಜನ ದುಡ್ಡು ಕೊಟ್ಟು ಆ ಕಾಳಗ ನೋಡಿದರು. ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ನೂರಡಿಗೂ ಉದ್ದದ ಬಟ್ಟೆಯ ಮೇಲೆ ಅದನ್ನು ಬಿಡಿಸಿದ್ದ. ಕಾವೇರಿಯನ್ನಾಗಲಿ ಕೋಟೆಯನ್ನಾಗಲಿ ಅವನು ಕಂಡವನೇ ಅಲ್ಲ.

ಆ ದೈತ್ಯ ಚಿತ್ರ ಉಳಿಯಲಿಲ್ಲ, ಅದರ ಅಚ್ಚುಗಳು ಉಳಿದವು. ಇಟಲಿಯ ಜಿಯೋವಾನಿ ವೆಂಡ್ರಮಿನಿ ಅದನ್ನು ತಾಮ್ರದ ತಗಡಿಗೆ ಇಳಿಸಿದ್ದು ಚುಕ್ಕಿ ಚುಚ್ಚಿ. ತಗಡಿಗೆ ಶಾಯಿ ಬಳಿದು ಮೇಲ್ಮೈ ಒರೆಸಿದರೆ ಕುಳಿಗಳಲ್ಲಷ್ಟೇ ಶಾಯಿ ನಿಲ್ಲುತ್ತದೆ. ಅದರ ಮೇಲೆ ಒದ್ದೆ ಕಾಗದ ಹಾಸಿ ಯಂತ್ರದಲ್ಲಿ ಒತ್ತುತ್ತಾರೆ. ಚುಕ್ಕಿ ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. ಮದ್ದಿನ ಹೊಗೆ ಇಷ್ಟು ಮೆತ್ತಗೆ ಮೂಡಲು ಇದೇ ಕಾರಣ. ಕಸುಬು ಅದ್ಭುತ. ಆದರೆ ಇದು ಗೆದ್ದವರಿಗಾಗಿ ಮಾಡಿದ ಚಿತ್ರ ಎಂಬುದನ್ನು ಮರೆತು ನೋಡಬಾರದು.

ಅದಕ್ಕಿಂತ ಹಿಂದೆ, 1790–92ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಯುದ್ಧದ ಅಚ್ಚುಗಳು ಹೆಚ್ಚು ನಂಬಿಕೆಗೆ ಅರ್ಹ. ಚಿತ್ರಕಾರ ರಾಬರ್ಟ್ ಹೋಮ್ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಜೊತೆಯೇ ನಡೆದಿದ್ದ. ಮೈಸೂರು ಸೀಮೆಯ ಅವನ ದೃಶ್ಯಸಂಪುಟ 1794ರಲ್ಲಿ ಬಂತು. ಇಂಥ ದೃಶ್ಯ ಬರೆದ ಇನ್ನೊಬ್ಬ ರಾಬರ್ಟ್ ಕೋಲ್‌ಬ್ರೂಕ್ ಸರ್ವೆ ಅಧಿಕಾರಿ, ನೆಲ ಅಳೆದವನ ಕಣ್ಣು ಅವನದು.

ಆ ಯುದ್ಧದ ನಡುವೆ, 1791ರ ಮೇ ತಿಂಗಳಲ್ಲಿ, ಮಳೆ ಹಿಡಿಯಿತು. ದನಗಳು ಸತ್ತವು, ದವಸ ಮುಗಿಯಿತು. ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ. ಡಿಸೆಂಬರಿನಲ್ಲಿ ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅದನ್ನೇ ಅಚ್ಚು ಹಾಕಿದ: ಕೋಟೆಯ ಮೇಲೆ ನಿಂತ ಟಿಪ್ಪು ಮೂತ್ರ ಹೊಯ್ಯುತ್ತಿದ್ದಾನೆ, ಕೆಳಗೆ ಗವರ್ನರ್ ಜನರಲ್ ಕತ್ತೆಯೇರಿ ಓಡುತ್ತಿದ್ದಾನೆ! ತಮ್ಮದೇ ಸೇನಾಪತಿಯ ಸೋಲನ್ನು ಇಷ್ಟು ನಿರ್ಭಿಡೆಯಿಂದ ದಾಖಲಿಸಿದ ಈ ಹಾಳೆ ಪೋರ್ಟರನ ನೂರಡಿಗಿಂತ ತೂಕದ್ದು.

ಟಿಪ್ಪುವಿಗೂ ತನ್ನ ಕಥೆ ಹೇಳುವ ಆಸೆಯಿತ್ತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷ್ ಕರ್ನಲ್ ಬೈಲಿಯ ಪಡೆ ಸೋತದ್ದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಸಿದ. ಜೀವಂತಿಕೆಯಲ್ಲಿ ಅದು ಯಾವ ಅಚ್ಚಿಗೂ ಕಡಿಮೆಯಲ್ಲ. ಆದರೆ ಗೋಡೆ ಊರು ಬಿಟ್ಟು ಹೋಗಲಾರದು. ಲಂಡನ್ನಿನ ಹಾಳೆಗಳು ನೂರಾರು ಮನೆ ಸೇರಿದವು. ಜಗತ್ತು ಶ್ರೀರಂಗಪಟ್ಟಣವನ್ನು ಬಹುಕಾಲ ಇಂಗ್ಲಿಷರ ಕಣ್ಣಲ್ಲೇ ನೋಡಿದ್ದರಲ್ಲಿ ಇದರ ಪಾಲೂ ಇದೆ.

ದರಿಯಾ ದೌಲತ್ ಅರಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಾಗಲಿ ಬೇರೆಡೆಯಾಗಲಿ ಇಂಥ ಅಚ್ಚು ಸಿಕ್ಕರೆ ಮೊದಲು ಕೆಳಗಿನ ಅಂಚು ಓದಬೇಕು. ಸಾಮಾನ್ಯವಾಗಿ ಎಡಕ್ಕೆ ಚಿತ್ರ ಬರೆದವನ ಹೆಸರು, ಬಲಕ್ಕೆ ತಗಡು ಕೊರೆದವನದು, ನಡುವೆ ಪ್ರಕಾಶಕ ಮತ್ತು ತಾರೀಕು ಇರುತ್ತವೆ. ಬರೆದವನು ಯುದ್ಧಭೂಮಿ ಕಂಡಿದ್ದನೇ ಎಂದು ಹುಡುಕಲು ಅಷ್ಟು ಸಾಕು.